ಹುಳುಮನೆಗಾಗಿ ಹಳೆಯ ಮೈಕ್ರೋ ಲೆನ್ಸ್ ಒಂದರ ದುರಸ್ತಿ, ಮತ್ತು ದುಬಾರಿ ಲೆನ್ಸಿನೊಡನೆ ಅದರ ಹೋಲಿಕೆ

ಶಿಡ್ಲಘಟ್ಟ ತಾಲ್ಲೂಕಿನಲ್ಲಿರುವ ನಮ್ಮ ಚಿಕ್ಕಪ್ಪನವರ ಹುಳುಮನೆಯಲ್ಲಿ, ಊಜಿ ನೊಣದ (ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪರಾವಲಂಬಿ ನೊಣ) ಮೊಟ್ಟೆ ರೇಷ್ಮೆ ಹುಳುವಿನ ಮೈಮೇಲೆ ಹೇಗೆ ಕಾಣುತ್ತದೆ ಎಂಬುದನ್ನು ಸ್ಪಷ್ಟವಾದ ಚಿತ್ರಗಳಲ್ಲಿ ಹಿಡಿದು, ಹೊಸದಾಗಿ ಸಾಕಣೆಗೆ ಇಳಿಯುವವರಿಗೆ ತೋರಿಸಬೇಕೆಂಬುದು ಈ ಕೆಲಸದ ಉದ್ದೇಶ. ಮೊಟ್ಟೆಯ ಉದ್ದ ಸುಮಾರು ಅರ್ಧ ಮಿಲಿಮೀಟರ್, ಅದರ ಬಣ್ಣ ಕೆನೆಬಿಳುಪು, ಅದು ಅಂಟಿಕೊಂಡಿರುವ ಹುಳುವಿನ ಮೈಯೂ ಬಿಳುಪೇ. ಕ್ಯಾಮೆರಾದ ಜೊತೆಗೆ ಬಂದಿದ್ದ ಆಟೋಫೋಕಸ್ ಲೆನ್ಸ್ ಇಂತಹ ಕಡೆ ಹಿಡಿತ ಸಿಗದೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಲೇ ಇರುತ್ತದೆ; ಕೊನೆಗೆ ನಿಂತರೂ ಹುಳುವಿನ ಮೈಯ ಮೇಲೆ ನಿಲ್ಲದೆ ಸೊಪ್ಪಿನ ಅಂಚಿನ ಮೇಲೆ ನಿಲ್ಲುತ್ತದೆ. ಆದ್ದರಿಂದ ಸಣ್ಣ ವಸ್ತುಗಳನ್ನು ತೀರ ಹತ್ತಿರದಿಂದ ತೆಗೆಯುವ, ಕೈಯಿಂದಲೇ ಫೋಕಸ್ ಮಾಡುವ ಮ್ಯಾಕ್ರೋ ಲೆನ್ಸ್ (ನಿಕಾನ್ ಇದನ್ನೇ ‘ಮೈಕ್ರೋ’ ಎನ್ನುತ್ತದೆ) ಬೇಕೆಂಬುದು ಖಚಿತವಾಯಿತು. ಹೆಚ್ಚು ಹಣ ಹಾಕಿ ಉತ್ತಮ ದರ್ಜೆಯ ಹೊಸ ಲೆನ್ಸ್ ಕೊಳ್ಳಬೇಕೋ, ಅಥವಾ ಹಳೆಯದೊಂದನ್ನು ಸರಿಪಡಿಸಿಕೊಂಡರೆ ಸಾಕೋ ಎಂಬ ಪ್ರಶ್ನೆಗೆ ಉತ್ತರ ಎರಡನ್ನೂ ಬಳಸಿ ನೋಡಿದ ಮೇಲೆ ಸಿಕ್ಕಿತು.

ಕ್ಯಾಮೆರಾ ಸೋನಿ ಇ-ಮೌಂಟಿನದು (ಮೌಂಟ್ ಎಂದರೆ ಲೆನ್ಸು ಕ್ಯಾಮೆರಾಕ್ಕೆ ಕೂರುವ ಬಾಯಿ). ಎಪಿಎಸ್-ಸಿ ಸೆನ್ಸರ್, 24 ಮೆಗಾಪಿಕ್ಸೆಲ್. ಲೆನ್ಸ್ ನಿಕಾನ್ ಕಂಪನಿಯ ಮೈಕ್ರೋ-ನಿಕ್ಕೋರ್ 55 ಎಂಎಂ ಎಫ್/3.5, 1977ರಲ್ಲಿ ಬಂದ ಎ.ಐ. (ಆಟೋಮ್ಯಾಟಿಕ್ ಇಂಡೆಕ್ಸಿಂಗ್) ಮಾದರಿ. ಬೆಂಗಳೂರಿನಲ್ಲಿ ಬಳಸಿದ ಸಾಮಾನಿನ ವ್ಯಾಪಾರಿಯೊಬ್ಬರಿಂದ 5,500 ರೂಪಾಯಿಗೆ ದೊರೆಯಿತು. ಇದು ತಾನಾಗಿಯೇ 1:2 ಪ್ರಮಾಣದವರೆಗೆ ಹೋಗುತ್ತದೆ, ಎಂದರೆ ವಸ್ತುವಿನ ಅರ್ಧದಷ್ಟು ಗಾತ್ರದ ಬಿಂಬ ಸೆನ್ಸರಿನ ಮೇಲೆ ಮೂಡುತ್ತದೆ. ನನ್ನ ಸೆನ್ಸರಿನಲ್ಲಿ ಒಂದು ಮಿಲಿಮೀಟರಿಗೆ ಸುಮಾರು 255 ಪಿಕ್ಸೆಲ್ ಇರುವುದರಿಂದ, ಅರ್ಧ ಮಿಲಿಮೀಟರಿನ ಮೊಟ್ಟೆಗೆ 60ಕ್ಕೂ ಮೇಲ್ಪಟ್ಟು ಪಿಕ್ಸೆಲ್ ಸಿಗುತ್ತವೆ. ಮೊಟ್ಟೆಯನ್ನು ಗುರುತಿಸಿ ತೋರಿಸಲು ಇಷ್ಟು ಸಾಕು.

ಹಂತ 1: ಬಿಚ್ಚುವ ಮೊದಲು ಮಾಡಿದ ಪರೀಕ್ಷೆ

ಫೋಕಸ್ ರಿಂಗ್ ಬಿಗಿಯಾಗಿತ್ತು, ಹತ್ತಿರದ ಫೋಕಸಿನ ಕಡೆಗೆ ತಿರುಗಿಸಿದಾಗ ಒಳಗೆ ಮರಳು ಉಜ್ಜಿದಂತಾಗುತ್ತಿತ್ತು. ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಬ್ಲೇಡ್‌ಗಳ ಮೇಲೆ ಎಣ್ಣೆಯ ಹೊಳಪಿತ್ತು; ಅಪರ್ಚರಿನ ರಿಂಗನ್ನು ಎಫ್/8ಕ್ಕೆ (ಎಫ್ ಮುಂದಿನ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ತಿರುಗಿಸಿದರೂ ಕಿಂಡಿ ಕೆಲವೊಮ್ಮೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ಹಿಂಬದಿಯಿಂದ ಟಾರ್ಚ್ ಹಾಯಿಸಿ ನೋಡಿದಾಗ ಹಿಂದಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂತಹ ಬೂಷ್ಟು ಕಂಡಿತು. ನಲವತ್ತಕ್ಕೂ ಹೆಚ್ಚು ವರ್ಷ ಹಳೆಯದಾದ ಗ್ರೀಸು ಒಣಗಿ, ಅದರಿಂದ ಬೇರ್ಪಟ್ಟ ಎಣ್ಣೆ ಬ್ಲೇಡ್‌ಗಳಿಗೆ ಹರಿಯುವುದು ಈ ವಯಸ್ಸಿನ ಲೆನ್ಸುಗಳಲ್ಲಿ ಸಾಮಾನ್ಯ.

ನಿಕಾನ್ ಲೆನ್ಸನ್ನು ಸೋನಿ ಕ್ಯಾಮೆರಾಕ್ಕೆ ಕೂರಿಸುವ ಅಡಾಪ್ಟರನ್ನೂ ಇದೇ ಹಂತದಲ್ಲಿ ಅಳೆದೆ. ನಿಕಾನ್ ಎಫ್ ಮೌಂಟಿನಿಂದ ಸೆನ್ಸರಿಗೆ ಇರಬೇಕಾದ ದೂರ 46.5 ಮಿ.ಮೀ., ಸೋನಿ ಇ-ಮೌಂಟಿನಲ್ಲಿ ಅದು 18 ಮಿ.ಮೀ.; ಆದ್ದರಿಂದ ನಡುವಿನ ಅಡಾಪ್ಟರಿನ ದಪ್ಪ ಸರಿಯಾಗಿ 28.5 ಮಿ.ಮೀ. ಇರಬೇಕು. 1,450 ರೂಪಾಯಿ ಕೊಟ್ಟು ತಂದ ಅಡಾಪ್ಟರ್ ವರ್ನಿಯರ್‌ನಲ್ಲಿ 28.38 ತೋರಿಸಿತು. ಅಗ್ಗದ ಅಡಾಪ್ಟರುಗಳನ್ನು ಹೀಗೆ ತುಸು ತೆಳುವಾಗಿಯೇ ಮಾಡುತ್ತಾರೆ, ಏಕೆಂದರೆ ದಪ್ಪ ಹೆಚ್ಚಾದರೆ ದೂರದ ವಸ್ತುವಿಗೆ ಫೋಕಸ್ ಸಿಗುವುದೇ ಇಲ್ಲ, ಕಡಿಮೆಯಾದರೆ ಫೋಕಸ್ ಸಿಕ್ಕಿದ ಮೇಲೂ ರಿಂಗ್ ಇನ್ನಷ್ಟು ಮುಂದಕ್ಕೆ ಹೋಗುತ್ತದೆ. 55 ಎಂಎಂ ಲೆನ್ಸಿನಲ್ಲಿ 0.12 ಮಿ.ಮೀ. ಕೊರತೆಯಿದ್ದರೆ, ಬೆಟ್ಟದ ಮೇಲೆ ಫೋಕಸ್ ಕೂತಾಗ ಲೆನ್ಸಿನ ಅಳತೆಪಟ್ಟಿ ಸುಮಾರು 25 ಮೀಟರಿನ ಜಾಗದಲ್ಲಿರುತ್ತದೆ. ಹತ್ತಿರದ ಚಿತ್ರಗಳಿಗೆ ಇದರಿಂದ ಹಾನಿಯಿಲ್ಲವಾದರೂ, ಲೆನ್ಸ್ ಬಿಚ್ಚಿ ಜೋಡಿಸಿದ ಮೇಲೆ ತಪ್ಪು ಲೆನ್ಸಿನದೋ ಅಡಾಪ್ಟರಿನದೋ ಎಂದು ತಿಳಿಯಬೇಕಾದರೆ ಈ ಅಂಕಿಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಹಂತ 2: ಸ್ಕ್ರೂಗಳು

ಜಪಾನಿನ ಹಳೆಯ ಲೆನ್ಸುಗಳ ಸ್ಕ್ರೂ ತಲೆಗಳು ನೋಡಲು ಫಿಲಿಪ್ಸ್ ಎಂಬಂತೆ ಕಂಡರೂ ಅವು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಮಾದರಿಯವು. ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿ ಒತ್ತಿದರೆ ತುದಿ ಜಾರಿ ತಲೆ ಸವೆಯುತ್ತದೆ, ಆಮೇಲೆ ಡ್ರಿಲ್ ಮಾಡುವುದೊಂದೇ ದಾರಿ. ಜೆಐಎಸ್ ಸೆಟ್ಟಿಗೆ 780 ರೂಪಾಯಿ, ಗಾಜಿನ ಬಿಗಿರಿಂಗುಗಳನ್ನು ತಿರುಗಿಸುವ ಲೆನ್ಸ್ ಸ್ಪ್ಯಾನರಿಗೆ 950 ರೂಪಾಯಿ ಆಯಿತು. ಈ ಎರಡರಲ್ಲಿ ಉಳಿತಾಯ ಮಾಡಲು ಹೋಗಬಾರದೆಂದು ಒತ್ತಿ ಹೇಳುತ್ತೇನೆ.

ಹಿಂಬದಿಯ ಬಯೋನೆಟ್ಟಿನ (ಮೌಂಟಿಗೆ ಕೂರುವ ಲೋಹದ ಉಂಗುರದ) ಸ್ಕ್ರೂಗಳು ಬಂದವು. ಫೋಕಸ್ ರಿಂಗಿನ ರಬ್ಬರ್ ಪಟ್ಟಿಯ ಅಡಿಯಲ್ಲಿದ್ದ ತಲೆಯಿಲ್ಲದ ಸಣ್ಣ ಸ್ಕ್ರೂಗಳಲ್ಲಿ ಒಂದು ಮಾತ್ರ ಅಲುಗಾಡಲಿಲ್ಲ. ಅದನ್ನು ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಕೈಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿಗೆ ಒಯ್ದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದ ಅವರು, “ಜೋರು ಮಾಡ್ಬೇಡಿ ಸಾರ್. ಮೇಲೆ ಪೇಂಟ್ ಹಾಕಿ ಕೂರ್ಸಿದ್ದಾರೆ, ಮೊದ್ಲು ಅದು ಕರಗ್ಲಿ,” ಎಂದರು. ಸೂಜಿಯ ತುದಿಯಿಂದ ಒಂದೇ ಹನಿ ಅಸಿಟೋನನ್ನು ಸ್ಕ್ರೂವಿನ ಮೇಲೆ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೊಂದು ಹನಿ ಹಾಕಿ, ಸ್ಕ್ರೂವನ್ನು ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿದರು. ಅದು ಮೆತ್ತಗೆ ಬಂತು. ಕೂಲಿ 50 ರೂಪಾಯಿ. ಅಸಿಟೋನ್ ಹೆಚ್ಚಾದರೆ ಲೆನ್ಸಿನ ಮೇಲೆ ಕೆತ್ತಿದ ಅಂಕಿಗಳ ಬಣ್ಣವೂ ಕರಗುತ್ತದೆ. ಹಾಗಾಗಿ ಸೂಜಿಯ ತುದಿಯನ್ನು ಬಿಟ್ಟು ಬೇರೆ ಯಾವುದರಿಂದಲೂ ಹಾಕಬಾರದು.

ಹಂತ 3: ಬ್ಲೇಡ್‌ಗಳನ್ನು ಮಾತ್ರ ತೊಳೆದದ್ದು, ಅದು ಸಾಲದೆ ಹೋದದ್ದು

ಮೊದಲು ಹೆಲಿಕಾಯ್ಡ್ (ಫೋಕಸ್ ರಿಂಗ್ ತಿರುಗಿದಾಗ ಲೆನ್ಸನ್ನು ಹಿಂದೆ ಮುಂದೆ ಸರಿಸುವ ಥ್ರೆಡ್) ಮುಟ್ಟದೆ ಗಾಜಿನ ಗುಂಪುಗಳನ್ನು ಮಾತ್ರ ಹೊರತೆಗೆದು, ಬ್ಲೇಡ್‌ಗಳನ್ನು ಇದ್ದಲ್ಲಿಯೇ ಲೈಟರ್ ದ್ರವದಿಂದ ತೊಳೆದೆ. ಬ್ಲೇಡ್‌ಗಳನ್ನು ಒಂದೊಂದಾಗಿ ಬಿಡಿಸುವ ಅಗತ್ಯ ಬೀಳಲಿಲ್ಲ. ಇಯರ್‌ಬಡ್ಡನ್ನು ದ್ರವದಲ್ಲಿ ಅದ್ದಿ ಒರೆಸುವುದು, ಅಪರ್ಚರನ್ನು ತೆರೆದು ಮುಚ್ಚುವುದು, ಮತ್ತೆ ಒರೆಸುವುದು. ಹತ್ತಿ ಕಪ್ಪಾಗುವುದು ನಿಲ್ಲುವವರೆಗೂ ಇದೇ ಕೆಲಸ. ಮುಗಿದಾಗ ಬ್ಲೇಡ್‌ಗಳು ಟಕ್ಕೆಂದು ಮುಚ್ಚತೊಡಗಿದವು.

ಕೆಲವೇ ದಿನಗಳಲ್ಲಿ ಎಣ್ಣೆಯ ಹೊಳಪು ಮರಳಿ ಬಂತು. ಎಣ್ಣೆಯ ಮೂಲವಿದ್ದುದು ಹೆಲಿಕಾಯ್ಡಿನ ಹಳೆಯ ಗ್ರೀಸಿನಲ್ಲಿ. ಮೂಲವನ್ನು ಹಾಗೆಯೇ ಬಿಟ್ಟು ಬ್ಲೇಡ್‌ಗಳನ್ನು ಎಷ್ಟು ತೊಳೆದರೂ, ಲೆನ್ಸನ್ನು ಬಿಸಿಲಿನ ದಿನ ಒಮ್ಮೆ ಚೀಲದಲ್ಲಿ ಒಯ್ದರೆ ಸಾಕು, ಎಣ್ಣೆ ಇಳಿದು ಬರುತ್ತದೆ. ಈ ಲೆನ್ಸು 1:2 ತಲುಪಲು ತನ್ನ ಸಂಗಮದೂರದ (ಫೋಕಲ್ ಲೆಂತ್, ಇಲ್ಲಿ 55 ಮಿ.ಮೀ.) ಅರ್ಧದಷ್ಟು, ಎಂದರೆ 27.5 ಮಿ.ಮೀ. ಮುಂದಕ್ಕೆ ಚಾಚಿಕೊಳ್ಳಬೇಕು. ಸಾಮಾನ್ಯ 50 ಎಂಎಂ ಲೆನ್ಸಿನ ಥ್ರೆಡ್ ಚಲಿಸುವುದು ಇದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇಷ್ಟುದ್ದದ ಥ್ರೆಡ್ಡಿಗೆ ಗ್ರೀಸೂ ಹೆಚ್ಚು ಬೇಕು, ಅದು ಕೆಟ್ಟಾಗ ಹರಿಯುವ ಎಣ್ಣೆಯೂ ಹೆಚ್ಚು.

ಹಂತ 4: ಹೆಲಿಕಾಯ್ಡ್

ಇಡೀ ದುರಸ್ತಿಯ ಜೀವ ಇರುವುದು ಇಲ್ಲಿ. ಹೆಲಿಕಾಯ್ಡ್ ಎಂದರೆ ಒಂದರೊಳಗೊಂದು ಕೂರುವ ಥ್ರೆಡ್ ಕೊಳವೆಗಳು. ಅವುಗಳಿಗೆ ಹಲವು ಪ್ರಾರಂಭ ಬಿಂದುಗಳಿದ್ದು, ಯಾವ ಬಿಂದುವಿನಿಂದ ಸೇರಿಸಿದರೂ ಒಳಗೆ ಹೋಗುತ್ತವೆ, ಆದರೆ ಒಂದೇ ಒಂದರಲ್ಲಿ ಮಾತ್ರ ಅನಂತದ (ಬಹು ದೂರದ ವಸ್ತುವಿನ) ಫೋಕಸ್ ತನ್ನ ಜಾಗಕ್ಕೆ ಬರುತ್ತದೆ. ರಿಂಗನ್ನು ಅನಂತದ ಗುರುತಿನಲ್ಲಿಟ್ಟು ಹೊರಗಿನ ಮತ್ತು ಒಳಗಿನ ಕೊಳವೆಗಳ ಮೇಲೆ ಸೂಜಿಯಿಂದ ನೇರ ಗೆರೆ ಎಳೆದೆ. ಆಮೇಲೆ ನಿಧಾನವಾಗಿ ತಿರುಗಿಸುತ್ತಾ, ಎರಡೂ ಕೊಳವೆಗಳು ಬೇರ್ಪಟ್ಟ ಆ ಕ್ಷಣದಲ್ಲಿಯೇ ನಿಲ್ಲಿಸಿ ಇನ್ನೊಂದು ಗೆರೆ ಎಳೆದು, ಮೊಬೈಲಿನಲ್ಲಿ ಚಿತ್ರ ತೆಗೆದೆ. ಜೋಡಿಸುವಾಗ ನಿಜವಾಗಿ ಕೆಲಸಕ್ಕೆ ಬರುವುದು ಈ ಎರಡನೆಯ ಗೆರೆ.

ಥ್ರೆಡ್ಡಿನೊಳಗೆ ಗ್ರೀಸು ಕಂದು ಮೇಣದಂತಾಗಿತ್ತು. ಅದರಲ್ಲಿ ಬಿಳಿಯ ಸಣ್ಣ ಕಣಗಳಿದ್ದವು, ಅವನ್ನು ಬೆರಳಿನಲ್ಲಿ ತಿಕ್ಕಿ ನೋಡಿದಾಗ ಸುಣ್ಣವೆಂದು ತಿಳಿಯಿತು. ದುರಸ್ತಿಗೆ ಮೊದಲೇ ಈ ಲೆನ್ಸನ್ನು ಹುಳುಮನೆಯಲ್ಲಿ ಬಳಸಿದ್ದೆ. ಹುಳು ಜ್ವರಕ್ಕೆ ಕೂತಾಗ (ಪೊರೆ ಕಳಚಲು ಮೇವು ಬಿಟ್ಟು ನಿಂತಾಗ) ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಎರಚುವುದು ವಾಡಿಕೆ. ಆ ಪುಡಿ ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತದೆ. ಲೆನ್ಸು ಚಾಚಿಕೊಂಡಾಗ ಹೊರಗೆ ಬರುವ ಕೊಳವೆಯ ಮೇಲೆ ಕೂತು, ಒಳಗೆ ಎಳೆದುಕೊಂಡಾಗ ಥ್ರೆಡ್ಡಿಗೆ ಸೇರುತ್ತದೆ. ರಿಂಗಿನಲ್ಲಿ ಮರಳಿನಂತೆ ಉಜ್ಜುತ್ತಿದ್ದುದು ಇದೇ. ಹುಳುಮನೆಯಲ್ಲಿ ಬೇಕಾದ ತೇವಾಂಶ ಬೂಷ್ಟಿಗೂ ಹಿತವಾದದ್ದೇ. ಎಷ್ಟೇ ಬೆಲೆಯ ಲೆನ್ಸಾದರೂ ಮುಂದಕ್ಕೆ ಚಾಚಿಕೊಳ್ಳುವ ಮಾದರಿಯದಾದರೆ ಇಲ್ಲಿ ಇದೇ ಪಾಡು.

ಕೊಳವೆಗಳನ್ನು ಗಡಿಯಾರದವರು ಬಳಸುವ ವೈಟ್ ಪೆಟ್ರೋಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಮಹಡಿಯ ಮೇಲೆ ತೆರೆದ ಗಾಳಿಯಲ್ಲಿ ತೊಳೆದೆ. ಥ್ರೆಡ್ಡಿನ ಪ್ರತಿಯೊಂದು ತೋಡಿನಲ್ಲೂ ಬಿಳಿ ಬಟ್ಟೆಯ ಎಳೆಯನ್ನು ಹಾಯಿಸಿ, ಎಳೆ ಬಿಳಿಯಾಗಿಯೇ ಹೊರಬರುವವರೆಗೂ ಬಿಡಲಿಲ್ಲ.

ಗ್ರೀಸಿನ ವಿಷಯದಲ್ಲಿ ಮೊದಲ ಪ್ರಯತ್ನ ಫಲಿಸಲಿಲ್ಲ. ಬೇರಿಂಗಿಗೆ ಹಾಕುವ ಸಾಮಾನ್ಯ ಲಿಥಿಯಂ ಗ್ರೀಸು ಹಚ್ಚಿದಾಗ ರಿಂಗ್ ಬೆಣ್ಣೆಯಂತೆ ತಿರುಗಿತು, ಆದರೆ ಕ್ಯಾಮೆರಾವನ್ನು ಹುಳುವಿನ ತಟ್ಟೆಯ ಮೇಲೆ ಕೆಳಮುಖವಾಗಿ ಹಿಡಿದ ಕೂಡಲೇ ಲೆನ್ಸು ತನ್ನ ಭಾರಕ್ಕೆ ತಾನೇ ಜಾರಿ ಫೋಕಸ್ ತಪ್ಪುತ್ತಿತ್ತು. ಮತ್ತೆ ತೊಳೆದು, ಲೆನ್ಸಿಗೆಂದೇ ಬರುವ ಗಟ್ಟಿ ಹೆಲಿಕಾಯ್ಡ್ ಗ್ರೀಸನ್ನು ತರಿಸಿದೆ. ಸಣ್ಣ ಡಬ್ಬಿಗೆ 640 ರೂಪಾಯಿ. ಅದನ್ನು ಥ್ರೆಡ್ ತುಂಬುವಂತೆ ಮೆತ್ತಬಾರದು, ಲೋಹದ ಬಣ್ಣ ಕಾಣುವಷ್ಟು ತೆಳುವಾಗಿ ಹಚ್ಚಿ, ಕೊಳವೆಗಳನ್ನು ಪೂರ್ತಿ ಹಿಂದೆ ಮುಂದೆ ತಿರುಗಿಸಿ, ಅಂಚಿಗೆ ಬಂದ ಹೆಚ್ಚುವರಿಯನ್ನು ಒರೆಸಿಬಿಡಬೇಕು. ಈಗ ರಿಂಗ್ ಒಂದೇ ಸಮನಾದ ತೂಕದಲ್ಲಿ ತಿರುಗುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಕೈಯಿಂದ ಫೋಕಸ್ ಮಾಡುವುದು ಸುಖವೋ ಕಷ್ಟವೋ ಎಂಬುದನ್ನು ಗಾಜಿಗಿಂತ ಹೆಚ್ಚಾಗಿ ಈ ತೆಳುವಾದ ಗ್ರೀಸಿನ ಪದರವೇ ನಿರ್ಧರಿಸುತ್ತದೆ ಎಂಬುದು ಆಗ ನನಗೆ ಮನದಟ್ಟಾಯಿತು.

ಹಂತ 5: ಬೂಷ್ಟು

ಔಷಧ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡನ್ನು ಹತ್ತಿಯಲ್ಲಿ ತೋಯಿಸಿ ಹಿಂದಿನ ಗಾಜಿನ ಮೇಲೆ ಸ್ವಲ್ಪ ಹೊತ್ತು ಇರಿಸಿ, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿದೆ. ಎಳೆಗಳು ಹೋದವು. ಒಂದೆಡೆ ಲೇಪನವನ್ನು ಬೂಷ್ಟು ತಿಂದಿರುವ ಮಸುಕು ಗೆರೆ ಉಳಿದಿದೆ. ಅದು ಯಾವ ದ್ರವಕ್ಕೂ ಹೋಗುವಂಥದ್ದಲ್ಲ. ಎಲ್ಲ ದ್ರವಗಳಿಗೂ ಸೇರಿ 420 ರೂಪಾಯಿ.

ಹಂತ 6: ಜೋಡಣೆ ಮತ್ತು ಅನಂತ

ಹೆಲಿಕಾಯ್ಡನ್ನು ಎರಡನೆಯ ಗೆರೆಯ ಪ್ರಕಾರ ಸೇರಿಸಿದರೂ ಮೊದಲ ಸಲ ಅದು ಪಕ್ಕದ ಥ್ರೆಡ್ಡಿಗೆ ಕೂತಿತ್ತು. ರಿಂಗ್ ಅನಂತಕ್ಕೆ ಬರುವ ಮೊದಲೇ ಕೊಳವೆ ತಳ ಮುಟ್ಟಿತು. ಬಿಚ್ಚಿ ಒಂದು ಬಿಂದು ಹಿಂದಕ್ಕೆ ಸರಿಸಿದಾಗ ಸರಿಯಾಯಿತು.

ಅನಂತವನ್ನು ಹೊಂದಿಸುವ ಮೊದಲು ಅಡಾಪ್ಟರಿನ ಕೊರತೆ ತುಂಬಬೇಕಿತ್ತು. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ಗೋಡೆ ಸುಮಾರು 0.1 ಮಿ.ಮೀ. ದಪ್ಪವಿರುತ್ತದೆ. ಬಣ್ಣವನ್ನು ಮರಳುಕಾಗದದಿಂದ ತೆಗೆದು, ಉಂಗುರದಾಕಾರದಲ್ಲಿ ಕತ್ತರಿಸಿ, ಅಡಾಪ್ಟರಿನ ಮೌಂಟಿನ ಅಡಿಗೆ ಇಟ್ಟು ಸ್ಕ್ರೂ ಬಿಗಿದೆ. ಸುತ್ತಲೂ ಹಲವು ಕಡೆ ಅಳೆದಾಗ 28.48ರಿಂದ 28.49 ಬಂತು. ಒಂದೇ ಕಡೆ ಅಳೆದು ಬಿಡಬಾರದು. ಉಂಗುರ ಎಲ್ಲಾದರೂ ಮಡಿಸಿಕೊಂಡಿದ್ದರೆ ಲೆನ್ಸು ಓರೆಯಾಗಿ ಕೂತು, ಚಿತ್ರದ ಒಂದು ಬದಿ ಮಾತ್ರ ಮಸುಕಾಗುತ್ತದೆ.

ರಾತ್ರಿ ಮನೆಯ ಮಹಡಿಯಿಂದ ನಂದಿಬೆಟ್ಟದ ಮೇಲಿನ ದೀಪಗಳಿಗೆ ಲೆನ್ಸನ್ನು ತಿರುಗಿಸಿ, ಎಫ್/3.5ರಲ್ಲಿ, ಪರದೆಯ ಬಿಂಬವನ್ನು ಪೂರ್ತಿ ಹಿಗ್ಗಿಸಿ, ದೀಪ ಅತಿ ಸಣ್ಣ ಚುಕ್ಕೆಯಾಗುವ ಜಾಗದಲ್ಲಿ ರಿಂಗಿನ ಅನಂತದ ಗುರುತನ್ನು ಹೊಂದಿಸಿ ಸಣ್ಣ ಸ್ಕ್ರೂಗಳನ್ನು ಬಿಗಿದೆ. ಲೆನ್ಸು, ಅಡಾಪ್ಟರು, ಉಪಕರಣ, ದ್ರವ, ಗ್ರೀಸು, ಕೂಲಿ ಎಲ್ಲ ಸೇರಿ 9,790 ರೂಪಾಯಿ ಆಯಿತು. ಉಪಕರಣಗಳು ಮುಂದಿನ ಲೆನ್ಸಿಗೂ ಆಗುತ್ತವೆ.

ಹಂತ 7: ದುಬಾರಿ ಲೆನ್ಸಿನೊಡನೆ

ಬೆಂಗಳೂರಿನಿಂದ ಜೈಸ್ ಮಾಕ್ರೋ-ಪ್ಲಾನಾರ್ 50 ಎಂಎಂ ಎಫ್/2 ಲೆನ್ಸನ್ನು ಬಾಡಿಗೆಗೆ ತಂದೆ. ಇದೂ ಕೈಯಿಂದಲೇ ಫೋಕಸ್ ಮಾಡುವಂಥದ್ದು, ಇದೂ 1:2ರವರೆಗೆ ಹೋಗುವಂಥದ್ದು, ನಿಕಾನ್ ಮೌಂಟಿನದಾದ್ದರಿಂದ ಅದೇ ಅಡಾಪ್ಟರಿಗೆ ಕೂರುವಂಥದ್ದು. ಹೋಲಿಸಲು ಇದಕ್ಕಿಂತ ನ್ಯಾಯವಾದ ಜೋಡಿ ಸಿಗಲಾರದು. ತಂದ ದಿನವೇ ಚಿಕ್ಕಪ್ಪ ಫೋನ್ ಮಾಡಿ, “ಹುಳ ಹಣ್ಣಾಗ್ತಾ ಇದೆ, ನಾಳೆಗೆಲ್ಲ ಚಂದ್ರಿಕೆಗೆ ಹಾಕ್ತೀವಿ. ಇವತ್ತೇ ಬಂದ್ಬಿಡಪ್ಪ,” ಎಂದರು. ಹಣ್ಣಾಗುವುದೆಂದರೆ ಹುಳು ಗೂಡು ಕಟ್ಟಲು ಸಿದ್ಧವಾಗುವುದು; ಚಂದ್ರಿಕೆ ಎಂದರೆ ಗೂಡು ಕಟ್ಟಲೆಂದು ಹುಳುಗಳನ್ನು ಬಿಡುವ ತಟ್ಟೆ.

ಹುಳುವಿನ ಮೇಲಿನ ಊಜಿ ಮೊಟ್ಟೆಯನ್ನು ಎರಡೂ ಲೆನ್ಸಿನಲ್ಲಿ 1:2ರಲ್ಲಿ, ಎಫ್/8ರಲ್ಲಿ, ಒಂದೇ ಫ್ಲಾಷಿನ ಬೆಳಕಿನಲ್ಲಿ ತೆಗೆದೆ. ಪರದೆಯ ಮೇಲೆ ನೂರು ಪ್ರತಿಶತ ಹಿಗ್ಗಿಸಿ ನೋಡಿದರೂ ಯಾವುದು ಯಾವುದರದೆಂದು ಕಡತದ ಹೆಸರು ನೋಡದೆ ಹೇಳಲಾಗಲಿಲ್ಲ. ಇದಕ್ಕೆ ಕಾರಣವಿದೆ. 1:2ರಲ್ಲಿ ಎಫ್/8 ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳ ನನ್ನ ಸೆನ್ಸರಿನಲ್ಲಿ ಎರಡು ಮಿಲಿಮೀಟರಿಗಿಂತ ತುಸು ಕಡಿಮೆ. ಎಫ್/2ರಲ್ಲಿ ಅದು ಅರ್ಧ ಮಿಲಿಮೀಟರ್. ಬೆರಳಿನಷ್ಟು ದಪ್ಪದ ಹುಳುವನ್ನು ಎಫ್/2ರಲ್ಲಿ ತೆಗೆದು ಪ್ರಯೋಜನವಿಲ್ಲ. ದುಬಾರಿ ಗಾಜಿನ ಬೆಲೆಯ ಬಹುಭಾಗ ಸಲ್ಲುವುದು ಪೂರ್ತಿ ತೆರೆದಾಗಿನ ಗುಣಕ್ಕೆ, ಆ ಗುಣವನ್ನು ಈ ಕೆಲಸದಲ್ಲಿ ನಾನು ಮುಟ್ಟುವುದೇ ಇಲ್ಲ. ಇನ್ನೂ ಮುಚ್ಚಿ ಎಫ್/16ಕ್ಕೆ ಹೋದಾಗ ಎರಡೂ ಒಂದೇ ರೀತಿ ಮಸುಕಾದವು. ಅಷ್ಟು ಹತ್ತಿರದಲ್ಲಿ ಎಫ್/16 ಎಂದರೆ ನಿಜವಾಗಿ ಸುಮಾರು ಎಫ್/24, ಅಲ್ಲಿ ವಿವರ್ತನೆಯ (ಸಣ್ಣ ಕಿಂಡಿಯಲ್ಲಿ ಹಾಯುವ ಬೆಳಕು ಹರಡಿಕೊಳ್ಳುವುದರ) ಮಿತಿ ಎಲ್ಲ ಗಾಜಿಗೂ ಒಂದೇ.

ವ್ಯತ್ಯಾಸ ಕಂಡದ್ದು ಎರಡು ಕಡೆ. ಗೂಡು ಕಟ್ಟುವ ಹುಳುವನ್ನು ಕಿಟಕಿಗೆ ಎದುರಾಗಿ ತೆಗೆದಾಗ, ನನ್ನ ಲೆನ್ಸಿನಲ್ಲಿ ಬೂಷ್ಟಿನ ಗೆರೆಯಿಂದಲೋ ಹಳೆಯ ಲೇಪನದಿಂದಲೋ ಚಿತ್ರದ ಮೇಲೆ ತೆಳುವಾದ ಬಿಳಿಮಂಜು ಹರಡಿತು, ಜೈಸಿನಲ್ಲಿ ನೂಲಿನ ಎಳೆಗಳು ಕಪ್ಪು ಹಿನ್ನೆಲೆಯ ಮೇಲೆ ನಿಚ್ಚಳವಾಗಿ ನಿಂತವು. ಎರಡನೆಯದು ನೂಲು ಬಿಚ್ಚುವ ರೀಲಿಂಗ್ ಘಟಕದಲ್ಲಿ. ಬೇಸಿನ್ನಿನ ಹಬೆ, ಮಂದ ಬೆಳಕು, ಎಳೆ ಹುಡುಕುವ ಕೈಗಳು. ಎಫ್/2 ಕಿಂಡಿ ಎಫ್/3.5ಕ್ಕಿಂತ ಮೂರು ಪಟ್ಟು ಬೆಳಕು ಬಿಡುತ್ತದೆ. ಹಳೆಯದರಲ್ಲಿ 1/50 ಸೆಕೆಂಡಿನಲ್ಲಿ ಅಲುಗಿದ ಕೈ, ಇದರಲ್ಲಿ 1/150ರಲ್ಲಿ ನಿಂತಿತು. ನಾನು ದಿನವೂ ಇಂತಹ ಘಟಕಗಳಲ್ಲಿ ಚಿತ್ರ ತೆಗೆಯುವವನಾಗಿದ್ದರೆ ಸಾಲ ಮಾಡಿಯಾದರೂ ಆ ಲೆನ್ಸನ್ನು ಕೊಳ್ಳುತ್ತಿದ್ದೆ. ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಾದರೋ ಎರಡೂ ಸೋತವು. ಜನ ಓಡಾಡುವಲ್ಲಿ, ಒಂದು ಮುಖ ಕ್ಷಣದಲ್ಲಿ ತಿರುಗುವಲ್ಲಿ, ಸಾಧಾರಣ ಆಟೋಫೋಕಸ್ ಲೆನ್ಸೇ ಮೇಲು, ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಹುಳುವಿನ ಮುಂದೆ ಮಾತ್ರ ಕೈ ಫೋಕಸಿಗೆ ಸಾಟಿಯಿಲ್ಲ. ಗೂಡು ಕಟ್ಟುವಾಗ ಹುಳು ತಲೆಯನ್ನು ಎಂಟರ ಅಂಕಿಯಂತೆ ಆಡಿಸುತ್ತಿರುತ್ತದೆ, ಆಟೋಫೋಕಸ್ ಅದರ ಮುಂದಿರುವ ನೂಲಿನ ಪರದೆಗೇ ಅಂಟಿಕೊಳ್ಳುತ್ತದೆ. ರಿಂಗನ್ನು ಬೇಕಾದ ಪ್ರಮಾಣಕ್ಕೆ ಇಟ್ಟು, ಆಮೇಲೆ ಅದನ್ನು ಮುಟ್ಟದೆ, ಮೊಣಕೈಯನ್ನು ಚಂದ್ರಿಕೆಯ ಪಕ್ಕದ ಕಂಬಕ್ಕೆ ಊರಿ, ಇಡೀ ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ, ತಲೆ ತನ್ನ ಸುತ್ತಿನಲ್ಲಿ ನನ್ನ ಕಡೆಗೆ ಬಂದಾಗ ಒತ್ತಬೇಕು. ಫೋಕಸನ್ನು ಎಫ್/3.5ರಲ್ಲಿ ಬಿಂಬ ಹಿಗ್ಗಿಸಿ ನೋಡಿಯೇ ನಿರ್ಧರಿಸಬೇಕು. ಎಫ್/8ಕ್ಕೆ ಮುಚ್ಚಿ ಸ್ಪಷ್ಟ ಅಂಚುಗಳನ್ನು ಪರದೆಯಲ್ಲಿ ಬಣ್ಣದ ಗೆರೆಯಿಂದ ತೋರಿಸುವ ಪೀಕಿಂಗನ್ನು ನಂಬಿದರೆ, ಅದು ಸ್ಪಷ್ಟವಲ್ಲದ ಭಾಗವನ್ನೂ ಸ್ಪಷ್ಟವೆಂದು ತೋರಿಸುತ್ತದೆ.

ಜೈಸ್ ಲೆನ್ಸನ್ನು ಹಿಂದಿರುಗಿಸಿದೆ. ಕೊಳ್ಳಲು ಎತ್ತಿಟ್ಟಿದ್ದ ಹಣದಲ್ಲಿ ಸಣ್ಣದೊಂದು ಭಾಗ ಎರಡನೆಯ ಫ್ಲಾಷಿಗೆ ಮತ್ತು ಬೆಳಕನ್ನು ಮೆದುವಾಗಿಸುವ ಪರದೆಗೆ ಹೋಯಿತು, ಅದರಿಂದ ಮೊಟ್ಟೆಯ ಚಿತ್ರಗಳಲ್ಲಿ ಬಂದ ಸುಧಾರಣೆ ಲೆನ್ಸ್ ಬದಲಿಸಿದಾಗ ಬಂದದ್ದಕ್ಕಿಂತ ಹೆಚ್ಚು. ಈಗ ಲೆನ್ಸಿನ ಚಾಚುವ ಭಾಗದ ಸುತ್ತ ತೆಳುವಾದ ಬಟ್ಟೆಯ ತೋಳೊಂದನ್ನು ಹೊಲಿದು ಹಾಕಿದ್ದೇನೆ, ಸುಣ್ಣ ಎರಚಿದ ದಿನ ಒಳಗೆ ಒಯ್ಯುವುದಿಲ್ಲ, ಮನೆಯಲ್ಲಿ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡುತ್ತೇನೆ. ಬಾಕಿ ಇರುವುದು 1:1ಕ್ಕೆ ಹೋಗುವ ಕೆಲಸ. ಅದಕ್ಕೆ ಈ ಲೆನ್ಸಿಗೆಂದೇ ನಿಕಾನ್ ಮಾಡಿದ ಪಿಕೆ-13 ಎಂಬ 27.5 ಮಿ.ಮೀ. ಉಂಗುರ ಬೇಕು, ಹಳೆಯದೊಂದನ್ನು ಹುಡುಕುತ್ತಿದ್ದೇನೆ, ಸಿಕ್ಕರೆ ಅದರ ಬಯೋನೆಟ್ ಸಡಿಲವಿಲ್ಲವೆಂದು ನೋಡಿಕೊಂಡು ಕೊಳ್ಳುವುದೇ ಮುಂದಿನ ಹಂತ.